ದನಗಾಹಿ ಕವಿಯ ಮೂರು ಸಂಜೆ

ಇನ್‌ಸ್ಪೆಕ್ಟರ್ ವಿಶ್ವನಾಥ ಹಳದಿ ಕರಪತ್ರವೊಂದನ್ನು ಮೇಜಿನ ಮೇಲೆ ಮಧ್ವರಾಜನ ಕಡೆಗೆ ತಿರುಗಿಸಿ ಇಟ್ಟರು. ಅದರಲ್ಲಿ ಅಗಲ ಟೊಪ್ಪಿ ಹಾಕಿಕೊಂಡು ಕುದುರೆಯ ಮೇಲೆ ಕೂತವನ ಚಿತ್ರವಿತ್ತು. ಕೆಳಗೆ ಇಂಗ್ಲಿಷಿನಲ್ಲೂ ತಮಿಳಿನಲ್ಲೂ ಬರಹ: ಅಮೆರಿಕದ ಮೊಂಟಾನ ಸೀಮೆಯ ಕೌಬಾಯ್ ಕವಿ ಎಮ್ಮೆಟ್ ಕೋಲ್ಬಿ ಅವರಿಂದ ಕವಿತಾವಾಚನ ಮತ್ತು ಜನಪದ ಗೀತೆಗಳು. ಗುರುವಾರ ಮೌಂಟ್ ರೋಡಿನ ಸಭಾಂಗಣದಲ್ಲಿ, ಶನಿವಾರ ಪೆರಂಬೂರಿನಲ್ಲಿ, ಮುಂದಿನ ಮಂಗಳವಾರ ಎಣ್ಣೂರಿನ ಕುಪ್ಪದಲ್ಲಿ, ಅಂದರೆ ಮೀನುಗಾರರ ಕೇರಿಯಲ್ಲಿ. ಏರ್ಪಡಿಸಿದವರು ಸಾಗರೋತ್ತರ ಸ್ನೇಹ ಸಂಘ. ಎಲ್ಲರಿಗೂ ಸ್ವಾಗತ.

"ಮೌಂಟ್ ರೋಡ್ ನನಗೆ ಅರ್ಥವಾಗುತ್ತೆ," ಎಂದರು ವಿಶ್ವನಾಥ. ಅವರು ಅರ್ಧ ತಮಿಳಿನಲ್ಲಿ, ಅರ್ಧ ಇಂಗ್ಲಿಷಿನಲ್ಲಿ ಮಾತಾಡುವವರು. "ಸೂಟು ಹಾಕಿದವರು ಬರ್ತಾರೆ, ಚಪ್ಪಾಳೆ ತಟ್ತಾರೆ, ಹೋಗ್ತಾರೆ. ಪೆರಂಬೂರು ಯಾಕೆ? ಅಲ್ಲಿ ಕೋಚ್ ಫ್ಯಾಕ್ಟರಿ ಇದೆ. ಎಣ್ಣೂರು ಯಾಕೆ? ಅಲ್ಲಿರೋದು ಹಿನ್ನೀರು, ಕಡಲು, ನಾಲ್ಕು ಗುಡಿಸಲು. ದನ ಕಾಯೋವನಿಗೆ ಕಡಲ ದಡದಲ್ಲಿ ಏನು ಕೆಲಸ?"

"ಗೊತ್ತಿಲ್ಲ ಸಾರ್."

"ಗೊತ್ತು ಮಾಡಿಕೋ. ಮೂರೂ ಕಡೆ ಹೋಗು. ಅವನು ಆಡಿದ್ದು, ಹಾಡಿದ್ದು ಎಲ್ಲ ಬೇಕು. ಸುತ್ತ ಯಾರಿರ್ತಾರೆ, ಯಾರು ಹತ್ತಿರ ಹೋಗಿ ಮಾತಾಡ್ತಾರೆ, ಹೆಸರು ಸಮೇತ."

ಅದು ಸಾವಿರದ ಒಂಬೈನೂರ ಅರವತ್ತೊಂದರ ಜನವರಿ. ಮಧ್ವರಾಜನಿಗೆ ನಲವತ್ತಮೂರು ವರ್ಷ. ಅವನು ಪೊಲೀಸ್ ಇಲಾಖೆಯ ಗುಪ್ತ ವಿಭಾಗದಲ್ಲಿ ಶೀಘ್ರಲಿಪಿಗಾರನಾಗಿ ಹದಿನೇಳು ವರ್ಷ ಕಳೆದಿದ್ದ. ಮರೀನಾ ಮರಳಿನ ಮೇಲೆ ಯಾವ ಪಕ್ಷದ ಸಭೆ ನಡೆದರೂ ವೇದಿಕೆಯ ಕೆಳಗೆ ಪುಟ್ಟ ಮೇಜು ಹಾಕಿಕೊಂಡು, ಗೆರೆ, ಕೊಕ್ಕೆ, ಚುಕ್ಕೆಗಳಲ್ಲಿ ಭಾಷಣ ಬರೆದುಕೊಳ್ಳುವುದು ಅವನ ಕೆಲಸ. ಭಾಷಣಕಾರರಿಗೆ ಅವನ ಗುರುತಿತ್ತು. ಕೆಲವರು ಅವನನ್ನು ನೋಡಿ, ಬೇಕೆಂದೇ ನಿಧಾನವಾಗಿ ಮಾತಾಡಿ ಜನರನ್ನು ನಗಿಸುತ್ತಿದ್ದರು. ಆದರೆ ಈ ಸಲ ಮೇಜಿಲ್ಲ. ಸಾಮಾನ್ಯ ಶ್ರೋತೃವಿನ ಹಾಗೆ ಹೋಗಬೇಕು. ಯಾರಾದರೂ ಕೇಳಿದರೆ ಟ್ಯುಟೋರಿಯಲ್ ಕಾಲೇಜಿನ ಮೇಷ್ಟ್ರು ಎನ್ನಬೇಕು.

ಅಷ್ಟು ವರ್ಷ ಬೇರೆಯವರ ಮಾತನ್ನು ಅನುಮಾನದಿಂದಲೇ ಕೇಳಿದವನಿಗೆ ಮನೆಯಲ್ಲೂ ಹಾಗೆಯೇ ಕೇಳುವ ಅಭ್ಯಾಸ ಬಂದಿತ್ತು. ತಿರುವಲ್ಲಿಕ್ಕೇಣಿಯ ಗುಡಿಯ ಹಿಂದಿನ ಓಣಿಯಲ್ಲಿ, ಅಜ್ಜನ ಕಾಲದಿಂದ ಇದ್ದ ಮಹಡಿಮನೆಯಲ್ಲಿ ಅವನು, ಹೆಂಡತಿ ಗೋದಾಬಾಯಿ, ಮಗಳು ನೀರಜಾ ಮೂವರೇ. ನೀರಜಾ ಬಿ.ಎ. ಎರಡನೆಯ ವರ್ಷದಲ್ಲಿದ್ದಳು. ಅಪ್ಪ ಕಮಿಷನರ್ ಆಫೀಸಿನಲ್ಲಿ ಸ್ಟೆನೋ ಎಂಬುದಷ್ಟೇ ಅವಳಿಗೆ ಗೊತ್ತಿದ್ದುದು. ಅವಳು ಕಾಲೇಜಿನಿಂದ ಬರುವುದು ಕಾಲು ಗಂಟೆ ತಡವಾದರೆ ಮಧ್ವರಾಜ ಕಾರಣ ಕೇಳುತ್ತಿದ್ದ. ಆಮೇಲೆ ಹತ್ತು ನಿಮಿಷ ಬಿಟ್ಟು ಅದೇ ಪ್ರಶ್ನೆಯನ್ನು ಬೇರೆ ಥರ ಕೇಳಿ ಎರಡೂ ಉತ್ತರ ಹೊಂದುತ್ತವೆಯೇ ಎಂದು ನೋಡುತ್ತಿದ್ದ.

ಆ ಸಂಜೆಯೂ ತಡವಾಯಿತು.

"ಯಾಕೆ ಇಷ್ಟು ಹೊತ್ತು?"

"ಲೈಬ್ರರಿಯಿಲೇ ವೇಲೈ ಇರುಂದದುಪ್ಪಾ," ಎಂದು ನೀರಜಾ ತಮಿಳಿನಲ್ಲೇ ಉತ್ತರ ಕೊಟ್ಟು ಒಳಗೆ ಹೋದಳು. ಲೈಬ್ರರಿಯಲ್ಲಿ ಕೆಲಸವಿತ್ತು, ಅಷ್ಟೆ.

ಅವಳು ಮುಖ ತೊಳೆಯಲು ಹೋದಾಗ ಮಧ್ವರಾಜ ಅವಳ ಪುಸ್ತಕಗಳನ್ನು ಒಂದೊಂದಾಗಿ ಸರಿಸಿದ. ಮೂರನೆಯದರೊಳಗೆ ಹಳದಿ ಕಾಗದ ಕಂಡಿತು. ಅದೇ ಕರಪತ್ರ, ಅದೇ ಕುದುರೆ. ಅಂಚಿನಲ್ಲಿ ಪೆನ್ಸಿಲಿನಲ್ಲಿ ನೀರಜಾಳ ಅಕ್ಷರ: "ಆರು ಗಂಟೆ, ಹಿಂಬಾಗಿಲು, ಇ.ಸಿ. ಜತೆ."

ಗೋದಾಬಾಯಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಪಾವಂ ರೀ, ಚುಮ್ಮಾ ಯಾಕೆ ಅವಳ ಪುಸ್ತಕ ಕೆದಕ್ತೀರಿ?"

"ಪೆನ್ಸಿಲ್ ಬೇಕಿತ್ತು," ಎಂದ ಮಧ್ವರಾಜ. ಅಂಗಿಯ ಜೇಬಿನಲ್ಲಿ ಎರಡು ಪೆನ್ಸಿಲ್ ಕಾಣುತ್ತಿದ್ದವು.

ಗುರುವಾರ ಮೌಂಟ್ ರೋಡಿನ ಸಭಾಂಗಣದಲ್ಲಿ ಅವನು ಮೂರನೆಯ ಸಾಲಿನ ಕೊನೆಯ ಕುರ್ಚಿಯಲ್ಲಿ ಕೂತ. ಆರು ಗಂಟೆಗೆ ಪರದೆ ಸರಿಯಿತು. ಮೊದಲು ವೇದಿಕೆಗೆ ಬಂದವಳು ನೀರಜಾ. ಗೋದಾಬಾಯಿಯ ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು. ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ತಮಿಳಿನಲ್ಲಿ ಕವಿಯ ಪರಿಚಯ ಹೇಳಿದಳು. ಎಲ್ಲೂ ತಡವರಿಸಲಿಲ್ಲ. ಅಪ್ಪ ಕಣ್ಣಿಗೆ ಬಿದ್ದಾಗ ಮಾತ್ರ ಒಂದು ಕ್ಷಣ ನಿಂತಳು. ಆಮೇಲೆ ಅವನು ಯಾರೋ ಎಂಬಂತೆ ಮುಂದುವರಿಸಿದಳು. ಹೆದರುವ ಬದಲು ಹೀಗೆ ನಟಿಸಿದ್ದು ಮಧ್ವರಾಜನಿಗೆ ಇನ್ನಷ್ಟು ಕಸಿವಿಸಿ ಮಾಡಿತು. ಇದನ್ನು ಅವಳು ಎಲ್ಲಿ ಕಲಿತಳು ಎಂದುಕೊಂಡ.

ಎಮ್ಮೆಟ್ ಕೋಲ್ಬಿ ಚಿತ್ರದಲ್ಲಿದ್ದವನ ಹಾಗಿರಲಿಲ್ಲ. ಅರವತ್ತೈದು ದಾಟಿದ ಮುದುಕ, ಒಣಕಲು ಮೈ, ಕುದುರೆಯ ಮೇಲೆಯೇ ಬೆಳೆದವನ ಬಿಲ್ಲಿನಂತೆ ಬಾಗಿದ ಕಾಲು. ಟೊಪ್ಪಿಯನ್ನು ತೆಗೆದು ಕುರ್ಚಿಯ ಕೆಳಗಿಟ್ಟ. ಗಿಟಾರ್ ಹಿಡಿದು ಮೂರು ಹಾಡು ಹಾಡಿದ. ಆಮೇಲೆ ಗಿಟಾರ್ ಇಟ್ಟು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕವಿತೆ ಹೇಳಿದ. ಅವನ ಕೈಯಲ್ಲಿ ಕಾಗದವಿರಲಿಲ್ಲ. ಕವಿತೆಗಳೆಲ್ಲ ಅವನೇ ಕಟ್ಟಿದವು, ಕೊನೆಯದನ್ನು ಬರೆದೇ ಇಟ್ಟಿಲ್ಲ ಎಂದು ನೀರಜಾ ಮೊದಲೇ ತಿಳಿಸಿದ್ದಳು.

ಆ ಕೊನೆಯ ಕವಿತೆ ಉದ್ದವಾಗಿತ್ತು. ಅವನೂ ಅವನ ಅಣ್ಣ ಡೇನನೂ ಹುಡುಗರಾಗಿದ್ದಾಗ ಮಂದೆ ಹೊಡೆದುಕೊಂಡು ನೂರು ಮೈಲಿ ಹೋದದ್ದು, ನಡುವೆ ಮಿಲ್ಕ್ ಎಂಬ ನದಿ ದಾಟಬೇಕಾಗಿ ಬಂದದ್ದು. ಮಧ್ವರಾಜನ ಪೆನ್ಸಿಲ್ ತಾನಾಗಿ ಓಡಿತು.

ಮುನ್ನೂರ ಹನ್ನೆರಡು ದನ ಎಣಿಸಿ ಹೊರಟೆವು,
ಮೋಡ ಬಡಗಣಕ್ಕೆ, ನಾವು ತೆಂಕಣಕ್ಕೆ.

ನದಿಯ ಭಾಗ ಬಂದಾಗ ಮುದುಕನ ದನಿ ತಗ್ಗಿತು. ಡೇನ್ ಕುದುರೆಯನ್ನು ನೀರಿಗೆ ಇಳಿಸಿದ, ತಿರುಗಿ ನೋಡಿ, ನೀನು ದಡದಲ್ಲೇ ಇರು ಎಂದ. ಆಮೇಲೆ ಬರೀ ಕುದುರೆ ಆಚೆ ದಡ ಹತ್ತಿತು.

ಇಷ್ಟನ್ನೂ ಹೇಳುವಾಗ ಮುದುಕ ಸಭೆಯನ್ನು ನೋಡುತ್ತಿರಲಿಲ್ಲ. ಮೂರನೆಯ ಸಾಲಿನ ಕೊನೆಯಲ್ಲಿ ಬರೆಯುತ್ತಿದ್ದವನನ್ನೇ ಮತ್ತೆ ಮತ್ತೆ ನೋಡುತ್ತಿದ್ದ. ಪೆನ್ಸಿಲ್ ಓಡಿದಾಗಲೆಲ್ಲ ಅವನ ಕಣ್ಣು ಇತ್ತ ಬರುತ್ತಿತ್ತು. ತಪ್ಪು ಮಾಡಿದವನು ಹೀಗೆ ನೋಡುತ್ತಾನೆ ಎಂಬುದು ಮಧ್ವರಾಜನಿಗೆ ಹದಿನೇಳು ವರ್ಷದಿಂದ ಗೊತ್ತಿದ್ದ ವಿಷಯ.

ಆ ದಿನ ಮನೆಯಲ್ಲಿ ಅಪ್ಪ ಮಗಳು ಎದುರೆದುರು ಕೂತು ಊಟ ಮಾಡಿದರು. ಇಬ್ಬರೂ ಒಂದು ಮಾತೂ ಎತ್ತಲಿಲ್ಲ. ಸೀರೆಯನ್ನು ಮಡಿಸಿಡುತ್ತಿದ್ದ ಗೋದಾಬಾಯಿಯೇ ಕೇಳಿದಳು. ಅವಳಿಗೆ ಮಗಳ ಕಾರ್ಯಕ್ರಮದ ವಿಷಯ ಗೊತ್ತಿತ್ತು. ಅಪ್ಪನಿಗೆ ಹೇಳಿದರೆ ನೂರು ಪ್ರಶ್ನೆ ಕೇಳುತ್ತಾರೆಂದು ತಾಯಿ ಮಗಳು ಸೇರಿ ಮುಚ್ಚಿಟ್ಟಿದ್ದರು.

"ಅವರ ಹೆಸರೇನಂದೆ? ಎಮ್ಮೆಟ್ಟಾ? ದನ ಕಾಯೋರಿಗೆ ಸರಿಯಾದ ಹೆಸರೇ ಇಟ್ಟಿದಾರೆ. ಆ ನದಿ ಹೆಸರು ಹಾಲಿನ ನದಿ ಅಂತೆ, ಹೌದಾ?"

"ಆಮಾಮ್ಮಾ," ಎಂದು ನೀರಜಾ ಹೂಂಗುಟ್ಟಿದಳು. "ನೀರು ಹಾಲಿನ ಬಣ್ಣಕ್ಕೆ ಇರತ್ತಂತೆ."

"ದನಗಳನ್ನ ಎಲ್ಲಿಗೆ ಹೊಡಕೊಂಡು ಹೋಗ್ತಾರೆ?"

ನೀರಜಾ ಮಜ್ಜಿಗೆ ಕಲಸುತ್ತ, "ತೆರಿಯಲೆ," ಎಂದಳು. ಗೊತ್ತಿಲ್ಲವೆಂಬುದು ಸುಳ್ಳು, ಅವಳಿಗೆ ಗೊತ್ತಿದೆ ಎಂದು ಮಧ್ವರಾಜ ಮನಸ್ಸಿನಲ್ಲೇ ಗುರುತು ಹಾಕಿಕೊಂಡ.

ಶುಕ್ರವಾರ ಟೈಪು ಮಾಡಿ ಕೊಟ್ಟ ವರದಿಯಲ್ಲಿ ಎಲ್ಲವೂ ಇತ್ತು. ಒಂದೇ ಒಂದು ಕಡೆ ಅವನು ಹೀಗೆ ಬರೆದಿದ್ದ: "ಪರಿಚಯಿಸಿದವಳು ಒಬ್ಬ ಕಾಲೇಜು ವಿದ್ಯಾರ್ಥಿನಿ, ಹೆಸರು ತಿಳಿಯದು." ಹದಿನೇಳು ವರ್ಷದಲ್ಲಿ ಅವನು ಬೇಕೆಂದೇ ಬರೆದ ಮೊದಲ ಸುಳ್ಳು ಅದು.

ವಿಶ್ವನಾಥ ಕೆಂಪು ಪೆನ್ಸಿಲಿನಿಂದ ಮೂರು ಕಡೆ ಗೆರೆ ಎಳೆದರು. "ಮಿಲ್ಕ್ ರಿವರ್. ಇಂಥ ಹೆಸರಿನ ನದಿ ಇರುತ್ತಾ? ಮುನ್ನೂರ ಹನ್ನೆರಡು. ಕವಿತೆಗೆ ಲೆಕ್ಕ ಯಾಕೆ? ಮತ್ತೆ ಈ ಹುಡುಗಿ. ಹೆಸರು ತಿಳಿಯದು ಅಂದರೇನು ಅರ್ಥ? ವೇದಿಕೆ ಮೇಲೆ ನಿಂತವಳ ಹೆಸರು ತಿಳಿಯಲ್ವಾ?"

"ಮುಂದಿನ ಸಲ ವಿಚಾರಿಸ್ತೀನಿ ಸಾರ್."

ಶನಿವಾರ ಪೆರಂಬೂರಿನಲ್ಲಿ ಜನ ಹೆಚ್ಚು, ಕುರ್ಚಿ ಕಡಿಮೆ. ವರ್ಕ್‌ಷಾಪಿನ ಫಿಟ್ಟರುಗಳು ಪಾಳಿ ಮುಗಿಸಿ ಎಣ್ಣೆ ಹತ್ತಿದ ಕೈಯಲ್ಲೇ ಬಂದಿದ್ದರು. ನೀರಜಾ ಪ್ರತಿ ಕವಿತೆಯನ್ನೂ ತುಂಡು ತುಂಡಾಗಿ ತಮಿಳಿನಲ್ಲಿ ಹೇಳಿದಳು. ಮಧ್ವರಾಜ ಕಂಬದ ಪಕ್ಕ ನಿಂತು ಬರೆದ. ಕೊನೆಯ ಕವಿತೆ ಶುರುವಾದಾಗ ಅವನ ಪೆನ್ಸಿಲ್ ತಡೆಯಿತು. ಈ ಸಲ ದನಗಳು ಮುನ್ನೂರ ನಲವತ್ತು. ನದಿಯ ಹತ್ತಿರ ಡೇನ್ ತಿರುಗಿ ಹೇಳಿದ ಮಾತೂ ಬೇರೆ. ನೀನು ದಡದಲ್ಲೇ ಇರು ಎಂಬುದು ಹೋಗಿ, ನನ್ನ ಹಿಂದೆ ಬಾ ಎಂದಾಗಿತ್ತು.

ಇನ್‌ಸ್ಪೆಕ್ಟರ ಗುಪ್ತಸಂಕೇತದ ಸಂದೇಹವನ್ನು ಅವನು ಅರ್ಧ ಮಾತ್ರ ನಂಬಿದ್ದ. ಈಗ ಎರಡು ಪುಟಗಳನ್ನು ಪಕ್ಕಪಕ್ಕ ಇಟ್ಟರೆ ಯಾರು ತಾನೆ ನಂಬುವುದಿಲ್ಲ? ಹೇಳುವವನು ಊರಿಗೊಂದು ಲೆಕ್ಕ ಹೇಳುತ್ತಾನೆ, ಊರಿಗೊಂದು ಅಪ್ಪಣೆ ಕೊಡುತ್ತಾನೆ. ಅವನ ಪಕ್ಕದಲ್ಲಿ ನಿಂತು ಅದನ್ನು ತಮಿಳಿಗೆ ದಾಟಿಸುವವಳು ತನ್ನ ಮಗಳು.

ಕೊನೆಯಲ್ಲಿ ವಯಸ್ಸಾದ ಫಿಟ್ಟರೊಬ್ಬ ಎದ್ದು ನಿಂತು ಕೇಳಿದ, "ನೂರು ಮೈಲಿ ನಡೆಸಿ ರೈಲಿಗೆ ಹತ್ತಿಸಿದಿರಿ ಅಂದಿರಲ್ಲ, ಆ ರೈಲು ಎಲ್ಲಿಗೆ ಹೋಗುತ್ತೆ?"

ನೀರಜಾ ಇಂಗ್ಲಿಷಿನಲ್ಲಿ ಕೇಳಿದಳು. ಮುದುಕ ಸಭೆಯ ಮೇಲೆ ಕಣ್ಣಾಡಿಸಿದ. ಸಭೆಯಲ್ಲಿ ಹಣೆಗೆ ನಾಮ, ವಿಭೂತಿ ಹಚ್ಚಿದವರಿದ್ದುದನ್ನು ಅವನೂ ನೋಡಿದ್ದ.

"ಕಸಾಯಿಖಾನೆಗೆ," ಎಂದ. "ನಾನು ಹತ್ತಿಸಿ ಹಿಂದಕ್ಕೆ ಬರುತ್ತಿದ್ದೆ. ಆ ರೈಲಿನ ಜೊತೆಗೆ ಒಂದು ದಿನವೂ ಹೋಗಲಿಲ್ಲ."

ನೀರಜಾ ಅದನ್ನು ಹಾಗೆಯೇ ತಮಿಳಿನಲ್ಲಿ ಹೇಳಿದಳು. ಸಭೆ ಗುಜುಗುಜು ಎಂದಿತು, ನಾಲ್ಕಾರು ಜನ ಎದ್ದು ಹೋದರು. ಮಧ್ವರಾಜ ಅದನ್ನೂ ಬರೆದುಕೊಂಡ. ಆದರೆ ಬರೆಯುವಾಗ ಅವನಿಗೆ ಒಂದು ತೊಡಕು ಕಾಣಿಸಿತು. ಜನರನ್ನು ಒಲಿಸಿಕೊಳ್ಳಲು ಬಂದ ಗೂಢಚಾರ ಇಂಥ ಕಡೆ ಬಾಯಿ ಬಿಟ್ಟು ಹೀಗೆ ಹೇಳುತ್ತಾನೆಯೇ? ಹೊಲಗಳಿಗೆ ಹೋಗುತ್ತವೆ ಎಂದಿದ್ದರೆ ಮುಗಿಯುತ್ತಿತ್ತು.

ಭಾನುವಾರ ಬೆಳಿಗ್ಗೆ ಅವನು ಮಗಳನ್ನು ಮಹಡಿಯ ಮೇಲೆ ಕರೆದ. ಗೋದಾಬಾಯಿ ಹಪ್ಪಳ ಒಣಹಾಕಿ ಕೆಳಗೆ ಹೋಗಿದ್ದಳು.

"ಮಂಗಳವಾರ ಎಣ್ಣೂರಿಗೆ ಹೋಗಬೇಡ."

"ಏನ್?" ಎಂದಳು. ಯಾಕೆ ಎಂದು ತಮಿಳಿನಲ್ಲಿ ಕೇಳಿ, ಅಪ್ಪನ ಮುಖ ನೋಡಿ ಕನ್ನಡಕ್ಕೆ ತಿರುಗಿದಳು. ಅವಳು ಕನ್ನಡದಲ್ಲಿ ಮಾತಾಡಿದಳೆಂದರೆ ವಿಷಯ ಗಟ್ಟಿಯಾಗಿದೆ ಎಂದೇ ಅರ್ಥ. "ನೀವು ಬರೀತಿದ್ದೀರಲ್ಲ ಅಪ್ಪಾ, ಯಾರಿಗೋಸ್ಕರ?"

"ನನಗೇ. ಇಂಗ್ಲಿಷ್ ಶಾರ್ಟ್‌ಹ್ಯಾಂಡ್ ತಪ್ಪಿ ಹೋಗಬಾರದು ಅಂತ."

"ಕೋಲ್ಬಿ ನಿಮ್ಮನ್ನ ನೋಡಿ ಭಯಪಡ್ತಾರೆ. ಮೂರನೇ ಸಾಲಿನವರು ಯಾರು, ಪೆರಂಬೂರಿಗೂ ಯಾಕೆ ಬಂದರು ಅಂತ ನನ್ನನ್ನ ಕೇಳಿದ್ರು. ಸಂಘದವರು ಅವರ ತಪ್ಪು ಎಣಿಸೋಕೆ ಆಳು ಇಟ್ಟಿದಾರೆ ಅಂತ ಅವರ ಎಣಿಕೆ."

"ಯಾವ ತಪ್ಪು?"

ನೀರಜಾ ಮೆಟ್ಟಿಲ ಕಡೆ ನೋಡಿ ದನಿ ತಗ್ಗಿಸಿದಳು. ಆಮೇಲೆ ಹೇಳಿದಳು. "ಅವರಿಗೆ ಮರೆವು ಶುರುವಾಗಿದೆ. ನಂಬರು ನೆನಪಿರಲ್ಲ. ಬೆಳಿಗ್ಗೆ ಹೇಳಿದ ನನ್ನ ಹೆಸರು ಸಂಜೆ ಮರೀತಾರೆ. ಅದಕ್ಕೆ ನಾನು ಪಕ್ಕದಲ್ಲಿ ನಿಂತಿರ್ತೀನಿ, ಬರೆದಿರೋ ಕವಿತೆಗಳಾದರೆ ಎತ್ತಿಕೊಡ್ತೀನಿ. ಇದು ಗೊತ್ತಾದರೆ ಕಲ್ಕತ್ತಾ, ಡೆಲ್ಲಿ ಪ್ರೋಗ್ರಾಂ ಎಲ್ಲ ಕ್ಯಾನ್ಸಲ್ ಮಾಡಿ ವಾಪಸ್ ಕಳಿಸ್ತಾರೆ. ಅವರಿಗೆ ಅಲ್ಲಿ ಯಾರೂ ಇಲ್ಲ, ತಮ್ಮನ ಮಗಳೊಬ್ಬಳು ಬಿಟ್ಟು."

"ನಾನು ಯಾರು ಅಂತ ಅವನಿಗೆ ಹೇಳಿದೆಯಾ?"

"ಇಲ್ಲ."

"ಯಾಕೆ?"

"ನೀವೂ ಹೇಳಲಿಲ್ಲವಲ್ಲ, ನಾನು ಯಾರು ಅಂತ."

ಅವಳು ಎಷ್ಟು ಊಹಿಸಿದ್ದಾಳೋ ಮಧ್ವರಾಜನಿಗೆ ತಿಳಿಯಲಿಲ್ಲ. ಮುದುಕನ ಮರೆವಿನ ಕಥೆ ನಿಜವಿರಬಹುದು. ಅಥವಾ ಪಳಗಿದವನೊಬ್ಬ ಎಳೆಯ ಹುಡುಗಿಗೆ ಹೇಳಿ ಒಪ್ಪಿಸುವ ಕಥೆ ಇಂಥದ್ದೇ ಇರಬಹುದು. ಮೆಟ್ಟಿಲಿಳಿಯುವಾಗ ಗೋದಾಬಾಯಿ ಮತ್ತೆ ಅದನ್ನೇ ಕೇಳಿದಳು, ಆ ದನಗಳು ಕೊನೆಗೆ ಎಲ್ಲಿಗೆ ಸೇರುತ್ತವೆ ಎಂದು. "ಬೇರೆ ಊರಿಗೆ," ಎಂದ ಮಧ್ವರಾಜ.

ಸೋಮವಾರದ ವರದಿಯಲ್ಲೂ ಹುಡುಗಿಯ ಹೆಸರು ತಿಳಿಯದು ಎಂದೇ ಇತ್ತು. ಬದಲಾದ ಲೆಕ್ಕ, ಬದಲಾದ ಮಾತು ಎರಡನ್ನೂ ಅವನು ಮುಚ್ಚಿಡಲಿಲ್ಲ. ವಿಶ್ವನಾಥ ಅವನ್ನು ಎರಡು ಸಲ ಓದಿದರು. ಅವರ ಮುಖದಲ್ಲಿ ಖುಷಿಯೂ ಇತ್ತು, ಆತಂಕವೂ ಇತ್ತು.

"ನಾಳೆ ನಾನೇ ಬರ್ತೀನಿ," ಎಂದರು. "ಆ ಹುಡುಗಿ ಯಾರು ಅಂತ ನಾನೇ ನೋಡ್ತೀನಿ."

ಎಣ್ಣೂರಿನ ಕುಪ್ಪದಲ್ಲಿ ವೇದಿಕೆ ಇರಲಿಲ್ಲ. ಹಿನ್ನೀರು ಕಡಲಿಗೆ ಸೇರುವ ಕಡೆ, ಬಲೆ ಒಣಗಿಸುವ ಬಯಲಿನಲ್ಲಿ, ದಡಕ್ಕೆ ಎಳೆದಿಟ್ಟ ಕಟ್ಟುಮರದ ತೆಪ್ಪದ ಮೇಲೆ ಕೋಲ್ಬಿ ಕೂತಿದ್ದ. ನಾಲ್ಕೂವರೆ ಗಂಟೆಯ ಬಿಸಿಲು ಇನ್ನೂ ಚುರುಗುಡುತ್ತಿತ್ತು. ಹೆಂಗಸರು ಮೀನಿನ ಬುಟ್ಟಿಗಳನ್ನು ಪಕ್ಕಕ್ಕಿಟ್ಟು ಮರಳಿನಲ್ಲಿ ಕೂತರು. ವಿಶ್ವನಾಥ ಮಫ್ತಿಯಲ್ಲಿ ತಾಳೆಮರದ ಕೆಳಗೆ ಜೀಪಿಗೆ ಒರಗಿ ನಿಂತಿದ್ದರು. ಮಧ್ವರಾಜ ಬಲೆಗಳ ಪಕ್ಕ ಕೂತು ನೋಟ್‌ಬುಕ್ ತೆರೆದ.

ಹಾಡುಗಳು ಚೆನ್ನಾಗಿ ನಡೆದವು. ಒಂದು ಹಾಡಿನ ತಾಳ ದೋಣಿ ಎಳೆಯುವ ಹಾಡಿಗೆ ಹೊಂದಿತೆಂದು ಗಂಡಸರು ನಕ್ಕು ದನಿಗೂಡಿಸಿದರು. ಆಮೇಲೆ ಅವನು ನದಿಯ ಕವಿತೆಗೆ ಕೈ ಹಾಕಿದ. ಈ ಸಲ ದನದ ಲೆಕ್ಕವನ್ನೇ ಹೇಳಲಿಲ್ಲ, ತುಂಬ ಎಂದಷ್ಟೇ ಅಂದ. ಮೋಡ ಬಂತು, ನದಿ ಬಂತು. ಡೇನ್ ಕುದುರೆಯನ್ನು ನೀರಿಗೆ ಇಳಿಸಿದ, ತಿರುಗಿ ನೋಡಿದ.

ಅಲ್ಲಿಗೆ ನಿಂತಿತು.

ಮುದುಕನ ತುಟಿ ಅಲುಗುತ್ತಿತ್ತು, ಮಾತು ಬರಲಿಲ್ಲ. ನೀರಜಾ ಬಗ್ಗಿ ಏನೋ ಪಿಸುಗುಟ್ಟಿದಳು. ಅವಳ ಕೈಯಲ್ಲಿದ್ದ ಹಾಳೆಗಳಲ್ಲಿ ಈ ಕವಿತೆ ಇರಲಿಲ್ಲ. ಅವನು ತಲೆಯಾಡಿಸಿದ. ಮಕ್ಕಳು ಗಲಾಟೆ ಶುರುಮಾಡಿದವು. ಸಂಘದ ಕಾರ್ಯದರ್ಶಿ ಗಡಿಯಾರ ನೋಡಿಕೊಂಡರು. ಆಗ ಕೋಲ್ಬಿ ಕಣ್ಣೆತ್ತಿ ಬಲೆಗಳ ಕಡೆ ನೋಡಿದ.

"ನೀವು," ಎಂದ. "ಮೂರೂ ದಿನ ಬರೆದುಕೊಂಡವರು. ನಿಮ್ಮ ಹತ್ತಿರ ಇದೆಯಲ್ಲ. ನನ್ನ ಅಣ್ಣ ಏನು ಹೇಳಿದ?"

ಎಲ್ಲರ ತಲೆಯೂ ತಿರುಗಿತು. ತಾಳೆಮರದ ಕಡೆಯಿಂದ ವಿಶ್ವನಾಥ ಒಂದು ಹೆಜ್ಜೆ ಮುಂದೆ ಬಂದರು. ತಾನೊಬ್ಬ ಮೇಷ್ಟ್ರು ಎಂದು ಹೇಳಿ ಎದ್ದು ಹೋಗಿಬಿಡಬಹುದಿತ್ತು. ಮಧ್ವರಾಜ ನೋಟ್‌ಬುಕ್ಕಿನ ಹಿಂದಿನ ಹಾಳೆ ತಿರುಗಿಸಿದ. ಎದ್ದು ನಿಂತು ಇಂಗ್ಲಿಷಿನಲ್ಲಿ ಹೇಳಿದ, "ನನ್ನ ಹತ್ತಿರ ಎರಡು ಇವೆ, ಸಾರ್. ಗುರುವಾರ ಒಂದು ಹೇಳಿದಿರಿ. ಶನಿವಾರ ಇನ್ನೊಂದು."

"ಎರಡನ್ನೂ ಓದಿ."

"ಗುರುವಾರ, ನೀನು ದಡದಲ್ಲೇ ಇರು. ಶನಿವಾರ, ನನ್ನ ಹಿಂದೆ ಬಾ."

ಕೋಲ್ಬಿ ಬಹಳ ಹೊತ್ತು ಹಿನ್ನೀರನ್ನು ನೋಡಿದ. "ಶನಿವಾರದ್ದು," ಎಂದ ಕೊನೆಗೆ. "ಬಾ ಅಂದ. ನಾನು ಹೋಗಲಿಲ್ಲ, ಹೆದರಿಕೆಯಾಯಿತು. ದಡದಲ್ಲೇ ಇರು ಅಂದ ಅನ್ನೋದು ನಾನು ಆಮೇಲೆ ಸೇರಿಸಿಕೊಂಡದ್ದು. ಐವತ್ತು ವರ್ಷ ಅದನ್ನೇ ಹೇಳಿದೆ. ಈಗ ತಲೆ ಮರೆಯುತ್ತಿದೆ, ಆದರೂ ಮೊನ್ನೆ ಬಾಯಿಗೆ ನಿಜವಾದದ್ದೇ ಬಂತು."

ನೀರಜಾ ತಮಿಳಿನಲ್ಲಿ ಹೇಳತೊಡಗಿದಳು. ಕೊನೆಯ ಮಾತನ್ನು ಎರಡು ಸಲ ಹೇಳಿದಳು. ಅಪ್ಪನ ಕಡೆ ತಿರುಗಿ, ಮೈಮರೆತು, "ಅಪ್ಪಾ, ಮುಂದಿನ ಸಾಲು ಓದಿ," ಎಂದು ಕನ್ನಡದಲ್ಲಿ ಕೂಗಿದಳು. ಮಧ್ವರಾಜ ಬಲೆಗಳನ್ನು ದಾಟಿ ಹೋಗಿ ಅವರಿಬ್ಬರ ಪಕ್ಕ ನಿಂತ. ಅವನು ಒಂದು ಸಾಲು ಓದುತ್ತಿದ್ದ, ಮುದುಕ ಅದನ್ನು ತನ್ನ ದನಿಯಲ್ಲಿ ಹೇಳುತ್ತಿದ್ದ, ಮಗಳು ತಮಿಳಿನಲ್ಲಿ ಹೇಳುತ್ತಿದ್ದಳು. ಹೀಗೆ ಕವಿತೆ ಮುಗಿಯಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದೆ ಕೂತಿದ್ದ ಮುದುಕಿಯೊಬ್ಬಳು ಹೆಣ ಸಿಕ್ಕಿತೇ ಎಂದು ಕೇಳಿದಳು. ನಾಲ್ಕು ದಿನದ ಮೇಲೆ ಕೆಳಗಿನ ತಿರುವಿನಲ್ಲಿ ಸಿಕ್ಕಿತು ಎಂದ ಕೋಲ್ಬಿ.

"ಕೆಡಚ್ಚುದಿಲ್ಲೆ, ಅದು ಪೋದುಂ," ಎಂದಳು ಮುದುಕಿ. ಸಿಕ್ಕಿತಲ್ಲ, ಅಷ್ಟು ಸಾಕು. ಅವಳ ಸುತ್ತ ಕೂತಿದ್ದ ಹೆಂಗಸರು ತಲೆದೂಗಿದರು.

ಹಿಂದಿರುಗುವಾಗ ವಿಶ್ವನಾಥ ಮಧ್ವರಾಜನನ್ನು ಜೀಪಿನಲ್ಲಿ ಕೂರಿಸಿಕೊಂಡರು. ತಿರುವೊತ್ತಿಯೂರು ದಾಟಿದ ಮೇಲೆ ಕೇಳಿದರು.

"ಮಗಳಾ?"

"ಹೌದು ಸಾರ್."

"ಎರಡು ಸಲ ಹೆಸರು ತಿಳಿಯದು ಅಂತ ಬರೆದೆ."

"ಹೌದು ಸಾರ್."

"ಆ ಮುದುಕನ ಬಗ್ಗೆ ನನಗೆ ಈಗ ಅಷ್ಟು ಅನುಮಾನ ಇಲ್ಲ," ಎಂದರು ವಿಶ್ವನಾಥ ರಸ್ತೆಯನ್ನೇ ನೋಡುತ್ತ. "ನಿನ್ನ ಬಗ್ಗೆ ಇದೆ. ಹದಿನೇಳು ವರ್ಷದಲ್ಲಿ ಇನ್ನೆಷ್ಟು ಹೆಸರು ಬಿಟ್ಟಿದೀಯ? ನಿನ್ನ ರಿಪೋರ್ಟು ಎಲ್ಲ ನಾನು ಮತ್ತೆ ಓದಬೇಕು."

"ಬೇರೆ ಯಾವುದೂ ಬಿಟ್ಟಿಲ್ಲ ಸಾರ್."

"ಅದನ್ನ ನಾನು ಹೇಗೆ ನಂಬಲಿ?"

ಮಧ್ವರಾಜ ನೋಟ್‌ಬುಕ್ಕನ್ನು ತೊಡೆಯ ಮೇಲೆ ಮಗುಚಿಟ್ಟ. ಅವರ ಜಾಗದಲ್ಲಿ ತಾನಿದ್ದರೂ ನಂಬುತ್ತಿರಲಿಲ್ಲ.

ಮನೆಯಲ್ಲಿ ನೀರಜಾ ಅವನಿಗಿಂತ ಮೊದಲೇ ಬಂದು ಕಾಯುತ್ತಿದ್ದಳು. ಅವಳಿಗೆ ಎಲ್ಲ ತಿಳಿದಿತ್ತು, ಜೀಪನ್ನು ನೋಡಿದ ಮೇಲೆ ತಿಳಿಯದೆ ಇರುತ್ತದೆಯೇ. ಗೋದಾಬಾಯಿ ಇಬ್ಬರ ನಡುವೆ ಕಾಫಿ ಲೋಟ ಇಟ್ಟು ಗೋಡೆಗೆ ಒರಗಿ ಕೂತಳು.

"ನನ್ನ ಬಗ್ಗೆ ಏನು ಬರೆದಿರಿ?"

ಮಧ್ವರಾಜ ವರದಿಯ ಕಾರ್ಬನ್ ಪ್ರತಿಯನ್ನು ತೆಗೆದು ಕೊಟ್ಟ. ಅವಳು ಆ ಸಾಲನ್ನು ಓದಿದಳು. ಸ್ವಲ್ಪ ಮೆತ್ತಗಾದಳೆಂದು ಅವನಿಗೆ ಅನಿಸಿತು, ಆದರೆ ಅವಳು ಬಿಡಲಿಲ್ಲ. "ಹೋದ ವರ್ಷ ನಮ್ಮ ಕಾಲೇಜಿನ ಹುಡುಗರು ಬೀಚಿನಲ್ಲಿ ಮೀಟಿಂಗ್ ಮಾಡಿದ್ರು. ಇಬ್ಬರನ್ನ ಕರಕೊಂಡು ಹೋಗಿ ವಿಚಾರಣೆ ಮಾಡಿದ್ರು. ಆ ಮೀಟಿಂಗ್ ಬರೆದವರು ನೀವಾ?"

"ಹೌದು."

"ಅವರ ಹೆಸರು ಬರೆದಿರಾ?"

"ಬರೆದೆ. ಅವರು ಹೇಳಿದ್ದನ್ನ ಹೇಳಿದ ಹಾಗೆ ಬರೆದೆ."

ನೀರಜಾ ಎದ್ದು ಒಳಗೆ ಹೋದಳು. ಗೋದಾಬಾಯಿ, "ಕೊಂಚ ದಿನ ಹೋಗಲಿ, ಬಿಡಿ," ಎಂದಳು. ಕಾಫಿಯನ್ನು ಮತ್ತೆ ಬಿಸಿ ಮಾಡಿ ತಂದುಕೊಟ್ಟಳು.

ನೋಟ್‌ಬುಕ್ಕನ್ನು ಮರುದಿನ ಆಫೀಸಿಗೆ ಒಪ್ಪಿಸಬೇಕಿತ್ತು. ಬೆಳಿಗ್ಗೆ ಐದಕ್ಕೆ ಎದ್ದು ಸ್ನಾನ ಮಾಡಿ, ದೇವರ ಮುಂದೆ ಕೂರುವ ಮೊದಲು ಮಧ್ವರಾಜ ಆ ಕವಿತೆಯನ್ನು ಗೆರೆಕೊಕ್ಕೆಗಳಿಂದ ಬಿಡಿಸಿ, ದುಂಡಗಿನ ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕು ಹಾಳೆ ಬರೆದ. ಇಲಾಖೆಯ ಟಿಪ್ಪಣಿಯನ್ನು ಹೊರಗಿನವರಿಗೆ ಕೊಡುವುದು ಅಪರಾಧವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಡೇನನ ಮಾತು ಬಂದ ಕಡೆ ಶನಿವಾರದ್ದನ್ನು ಇಟ್ಟ. ದನದ ಲೆಕ್ಕ ಯಾವುದು ಸರಿಯೋ ತಿಳಿಯದೆ ಜಾಗ ಖಾಲಿ ಬಿಟ್ಟ. ಹಾಳೆಗಳನ್ನು ಮಡಿಸಿ ನೀರಜಾಳ ಪುಸ್ತಕದ ಮೇಲಿಟ್ಟ. ಈ ಸಲ ಪುಸ್ತಕ ತೆರೆಯಲಿಲ್ಲ. ಸಂಜೆ ಹಾಳೆಗಳು ಅಲ್ಲಿರಲಿಲ್ಲ. ಎಲ್ಲಿಗೆ ಹೋದವೆಂದು ಅವನು ಕೇಳಲಿಲ್ಲ.

ವಾರದೊಳಗೆ ಅವನನ್ನು ಹಳೆಯ ಕಡತಗಳ ಕೋಣೆಗೆ ಹಾಕಿದರು. ಸಭೆಗಳಿಗೆ ಇನ್ನೊಬ್ಬನನ್ನು ಕಳಿಸುತ್ತಿದ್ದರು. ಲಿಖಿತ ಸಮಜಾಯಿಷಿ ಕೇಳಿದರು. ಮಗಳಾದ್ದರಿಂದ ಹೆಸರು ಬರೆಯಲಿಲ್ಲ, ಬೇರೆ ಉದ್ದೇಶವಿರಲಿಲ್ಲ ಎಂದು ಎರಡು ಸಾಲು ಬರೆದುಕೊಟ್ಟ. ಅದರ ಮೇಲೆ ಯಾವ ತೀರ್ಮಾನವೂ ಆಗಲಿಲ್ಲ. ಆ ಕಡತ ತನ್ನದೇ ಕೋಣೆಗೆ ಬರುವುದನ್ನು ಅವನು ಕಾದ, ಬರಲಿಲ್ಲ. ಯಾರದೋ ಮೇಜಿನ ಮೇಲೆ ಅದು ಇನ್ನೂ ತೆರೆದೇ ಇದೆ ಎಂದು ಅರ್ಥಮಾಡಿಕೊಂಡ.

ಏಪ್ರಿಲ್ ಮೊದಲ ವಾರ ಅಮೆರಿಕದಿಂದ ಕಾಗದ ಬಂತು. ಲಕೋಟೆಯ ಮೇಲೆ ಅವನದೇ ಹೆಸರು. ಅಂಚಿನ ಮೇಲೆ ಬೆರಳಾಡಿಸಿದೊಡನೆ ಅವನಿಗೆ ಗೊತ್ತಾಯಿತು. ಹಬೆಗೆ ಹಿಡಿದು ಬಿಚ್ಚಿ ಮತ್ತೆ ಅಂಟಿಸಿದ್ದರು. ಅಂಟು ಅಂಚು ಮೀರಿ ಅಗಲಕ್ಕೆ ಹರಡಿತ್ತು. ಅಷ್ಟು ಧಾರಾಳವಾಗಿ ಕುಂಚ ಆಡಿಸುವವನು ಯಾರೆಂದೂ ಅವನಿಗೆ ಗೊತ್ತಿತ್ತು, ಅವನ ಜೊತೆ ಎಷ್ಟೋ ಮಧ್ಯಾಹ್ನ ಒಂದೇ ಬೆಂಚಿನಲ್ಲಿ ಮೊಸರನ್ನ ತಿಂದಿದ್ದ.

ಮಧ್ವರಾಜ ಕಾಗದವನ್ನು ಹೆಂಡತಿ ಮಗಳ ಮುಂದೆ ಗಟ್ಟಿಯಾಗಿ ಓದಿದ. ಕೋಲ್ಬಿ ಹೇಳಿ ತಮ್ಮನ ಮಗಳು ಬರೆದದ್ದು. ಡೆಲ್ಲಿಯ ಕಾರ್ಯಕ್ರಮ ನಡೆಯಿತು, ಕಲ್ಕತ್ತದ್ದು ನಡೆಯಲಿಲ್ಲ. ಈಗ ಅವರು ಹೆಚ್ಚು ಹೊರಗೆ ಹೋಗುವುದಿಲ್ಲ. ದಿನಾ ಬೆಳಿಗ್ಗೆ ಆ ನಾಲ್ಕು ಹಾಳೆ ಓದಿಸಿಕೊಳ್ಳುತ್ತಾರೆ. ಎರಡನೆಯ ಹಾಳೆಯ ಒಂಬತ್ತನೆಯ ಸಾಲಿನಲ್ಲಿ ನೀವು ಗಾಳಿ ಎಂದು ಬರೆದಿದ್ದೀರಿ, ಅದು ಕಿಟಕಿ ಇರಬೇಕು, ಇಂಗ್ಲಿಷಿನಲ್ಲಿ ಕೇಳಲು ಹಾಗೇ ಇರುತ್ತದೆ, ತಪ್ಪು ನಿಮ್ಮದಲ್ಲ. ಮೂರು ದಿನ ಕೂತು ನನ್ನ ಮಾತು ಕೇಳಿದವರು ಬೇರೆ ಯಾರೂ ಇಲ್ಲ ಎಂದು ಮುದುಕ ಹೇಳಿ ಬರೆಸಿದ್ದ.

ಗೋದಾಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. ನೀರಜಾ ಇಷ್ಟು ತಿಂಗಳೂ ಅಪ್ಪನೊಂದಿಗೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಈಗ ಕೈ ಚಾಚಿ ಲಕೋಟೆ ತೆಗೆದುಕೊಂಡು ತಿರುಗಿಸಿ ನೋಡಿದಳು.

"ಬಿಚ್ಚಿದಾರಾ?"

"ಹೂಂ."

"ನಿಮ್ಮವರೇನಾ?"

"ನಮ್ಮವರೇ."

ಭಾನುವಾರ ಮಧ್ವರಾಜ ಉತ್ತರ ಬರೆದ. ಎರಡನೆಯ ಹಾಳೆಯ ತಪ್ಪು ಒಪ್ಪಿಕೊಂಡ, ಎಣ್ಣೂರಿನವರು ನಿಮ್ಮನ್ನು ಕೇಳಿದರು ಎಂದು ನೀರಜಾ ಹೇಳಿದ್ದನ್ನು ಸೇರಿಸಿದ. ಲಕೋಟೆಯೊಳಗೆ ಹಾಕಿ ಅಂಚು ಮಡಿಸಿದ, ಅಂಟು ಹಚ್ಚಲಿಲ್ಲ.

"ಇದ್ಯಾಕೆ ಹೀಗೆ?" ಎಂದಳು ನೀರಜಾ.

"ಹೇಗೂ ಓದ್ತಾರೆ. ಅವರಿಗೆ ಹಬೆ ಹಿಡಿಯೋ ಕೆಲಸ ತಪ್ಪಲಿ."

ನೀರಜಾ ಲಕೋಟೆಯನ್ನು ಅವನ ಕೈಯಿಂದ ತೆಗೆದುಕೊಂಡಳು. ಒಳಗೆ ಹೋಗಿ ಅನ್ನದ ಅಗುಳು ತಂದು ಅಂಚಿನುದ್ದಕ್ಕೂ ಒತ್ತಿ ತಿಕ್ಕಿ, ಹೆಬ್ಬೆರಳಿನಿಂದ ಎರಡೆರಡು ಸಲ ಅದುಮಿದಳು.

"ಕಷ್ಟಪಟ್ಟೇ ತೊರಕ್ಕಟ್ಟುಂ," ಎಂದಳು. ತೆರೆಯುವವರು ಕಷ್ಟಪಟ್ಟೇ ತೆರೆಯಲಿ.

ಅವಳು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಳು. ಮಧ್ವರಾಜ ಅಂಗವಸ್ತ್ರ ಹೊದ್ದು ಅವಳ ಜೊತೆ ಅಂಚೆಪೆಟ್ಟಿಗೆಯ ತನಕ ನಡೆದ.